ಐನೂರು ಅಡಿ ಕೆಳಗಿಳಿದ ವಿಮಾನ ಇಂಧನ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರಕ್ಕೆ ಅಂಟಿಕೊಂಡಿರುವ ಕರ್ಟ್‌ಲೆಂಡ್ ವಾಯುನೆಲೆಯಲ್ಲಿ, ರೈಲು ವ್ಯಾಗನ್‌ಗಳಿಂದ ಇಳಿಸಿದ ಇಂಧನವನ್ನು ಪಂಪ್‌ಹೌಸ್‌ಗೆ ಒಯ್ಯುತ್ತಿದ್ದ ನೆಲದಡಿಯ ಕೊಳವೆಗಳು 1999ರ ಒತ್ತಡ ಪರೀಕ್ಷೆಯಲ್ಲಿ ಸೋತವು. ಆ ಸ್ಥಾವರ 1950ರ ದಶಕದ್ದು. ಸೋರಿಕೆ ದಶಕಗಳಿಂದ ನಡೆದೇ ಇತ್ತು. ಮೊದಮೊದಲು ಇದು ಮೇಲ್ಮಣ್ಣಿನ ಸಮಸ್ಯೆಯೆಂದೇ ಭಾವಿಸಲಾಗಿತ್ತು. ಸುಮಾರು ಐನೂರು ಅಡಿ ಆಳದ ಅಂತರ್ಜಲದ ಮೇಲೆ ಇಂಧನ ತೇಲುತ್ತಿರುವುದು ಖಚಿತವಾದದ್ದು 2007ರಲ್ಲಿ. ಸೋರಿದ್ದೆಷ್ಟು? 60 ಲಕ್ಷ ಗ್ಯಾಲನ್ ಎಂಬಲ್ಲಿಂದ 2.4 ಕೋಟಿ ಗ್ಯಾಲನ್ ಎಂಬಲ್ಲಿಯವರೆಗೆ ಅಂದಾಜುಗಳಿವೆ. ಇಷ್ಟು ಅಂತರವಿದ್ದಾಗ ‘ಇಷ್ಟು ತೆಗೆದೆವು’ ಎಂಬ ಲೆಕ್ಕದಿಂದ ಉಳಿದದ್ದೆಷ್ಟು ಎಂಬುದು ತಿಳಿಯುವುದಿಲ್ಲ.

ಬೆಂಜೀನ್‌ಗಿಂತ ದೂರ ಹೋದದ್ದು

ಇಂಧನದಲ್ಲಿರುವ ಬೆಂಜೀನ್ ಅಪಾಯಕಾರಿಯೇ. ಆದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಬಹುಮಟ್ಟಿಗೆ ತಿಂದು ಮುಗಿಸುತ್ತವೆ. ಎಥಿಲೀನ್ ಡೈಬ್ರೊಮೈಡ್ ಹಾಗಲ್ಲ. ಹಳೆಯ ವಿಮಾನ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದ ಕಾಲದಲ್ಲಿ, ಆ ಸೀಸ ಎಂಜಿನ್ನಿನೊಳಗೆ ಕಟ್ಟಿಕೊಳ್ಳದಿರಲೆಂದು ಇದನ್ನು ಸೇರಿಸುತ್ತಿದ್ದರು. ಇದು ನೀರಿನಲ್ಲಿ ಕರಗಿ, ನೀರು ಹೋದತ್ತ ಹೋಗುತ್ತದೆ, ಬೇಗ ನಾಶವಾಗುವುದಿಲ್ಲ. ಕುಡಿಯುವ ನೀರಿನಲ್ಲಿ ಬೆಂಜೀನ್‌ಗೆ ಅಲ್ಲಿನ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ, ಇದಕ್ಕೆ 0.05. ನಗರದ ಕೊಳವೆಬಾವಿಗಳ ಸೆಳೆತಕ್ಕೆ ಸಿಕ್ಕ ಈ ರಾಸಾಯನಿಕ ವಾಯುನೆಲೆಯ ಬೇಲಿ ದಾಟಿ, ಈಶಾನ್ಯಕ್ಕೆ, ಜನವಸತಿಯ ಅಡಿಗೆ ಹರಿಯಿತು.

ಹೀರುವುದು, ಸೋಸುವುದು

2003ರಿಂದ ಮಣ್ಣಿನ ಆವಿ ಹೀರುವ ಕೆಲಸ ಶುರುವಾಯಿತು. ಬಾವಿಗಳ ಮೂಲಕ ಮಣ್ಣಿನ ಸಂದುಗಳ ಗಾಳಿಯನ್ನು ಎಳೆದು, ಅದರೊಡನೆ ಬಂದ ಇಂಧನದ ಆವಿಯನ್ನು ಎಂಜಿನ್‌ಗಳಲ್ಲೇ ಸುಡಲಾಯಿತು. ಸೋರಿದ ಇಂಧನವೇ ತನ್ನನ್ನು ಹೊರಗೆಳೆಯುವ ಯಂತ್ರವನ್ನು ಓಡಿಸಿತೆನ್ನಬೇಕು! ಕರಗಿದ ರಾಸಾಯನಿಕಕ್ಕೆ ಬೇರೆ ದಾರಿ: 2015ರಿಂದ ಕಲುಷಿತ ನೀರನ್ನು ಮೇಲೆತ್ತಿ, ಸಕ್ರಿಯ ಇದ್ದಿಲಿನ ತೊಟ್ಟಿಗಳಲ್ಲಿ ಸೋಸಿ, ವಾಯುನೆಲೆಯ ಗಾಲ್ಫ್ ಮೈದಾನಕ್ಕೆ ಹರಿಸುವುದು ಇಲ್ಲವೇ ಮರಳಿ ಭೂಮಿಗೆ ಇಂಗಿಸುವುದು.

ಈ ನಡುವೆ ನೀರೇ ಲೆಕ್ಕ ಬದಲಿಸಿತು. ಅತಿಯಾದ ಪಂಪಿಂಗ್‌ನಿಂದ ಅಂತರ್ಜಲ ಇಳಿದಾಗ ಇಂಧನವೂ ಅದರ ಬೆನ್ನು ಹಿಡಿದು ಇಳಿಯುತ್ತ ಮಣ್ಣಿನ ಪದರಗಳಿಗೆ ಮೆತ್ತಿಕೊಂಡಿತ್ತು. 2008ರ ಕೊನೆಯಿಂದ ನಗರವು ನದಿನೀರಿಗೆ ಹೊರಳಿ ಕೊಳವೆಬಾವಿಗಳ ಬಳಕೆ ತಗ್ಗಿಸಿತು; ಮಟ್ಟ ಏರಿತು. ಜಲಸಂರಕ್ಷಣೆಯ ಈ ಗೆಲುವಿನಿಂದಲೇ ಮೆತ್ತಿದ ಇಂಧನ ನೀರಿನಡಿ ಮುಳುಗಿ, ಆವಿ ಹೀರುವ ಬಾವಿಗಳ ಕೈಗೆ ಸಿಗದಾಯಿತು.

ಯಾವುದು ಸಾಕು?

ಕರಗಿದ ಮಾಲಿನ್ಯದ ಹರವು ಕುಗ್ಗಿದೆ, ನಗರದ ಬಾವಿಗಳು ಸುರಕ್ಷಿತವಾಗಿವೆ ಎನ್ನುತ್ತದೆ ವಾಯುಪಡೆ. ಅದು ಪೊಳ್ಳು ಮಾತಲ್ಲ. ಬಾವಿಗಳತ್ತ ಹೊರಟಿದ್ದ ಅಪಾಯಕ್ಕೆ ಮೊದಲು ತಡೆಯೊಡ್ಡಿದ್ದು ಸರಿಯಾದ ಆದ್ಯತೆಯೇ. ಮೂಲದಲ್ಲಿ ಇಂಧನ ಉಳಿದಿರುವ ತನಕ ಅದು ಕರಗುತ್ತಲೇ ಇರುತ್ತದೆ ಎಂಬ ನಾಗರಿಕ ಸಂಘಟನೆಗಳ ಆಕ್ಷೇಪವೂ ಅಷ್ಟೇ ಗಟ್ಟಿ. ಐನೂರು ಅಡಿ ಆಳದ ಮಣ್ಣನ್ನು ಅಗೆದು ತೆಗೆಯಲಾಗದು. ಜೀವಾಣುಗಳನ್ನು ಪೋಷಿಸಿ ಇಂಧನವನ್ನು ಅಲ್ಲೇ ವಿಘಟಿಸುವ ವಿಧಾನಗಳು ನಿಧಾನ. ಆದರೆ ನಿಧಾನವೆಂಬ ಕಾರಣಕ್ಕೆ ಗಡುವನ್ನೇ ಇಡದಿರುವುದು ಒಪ್ಪತಕ್ಕದ್ದಲ್ಲ. ಮುಳುಗಿದ ಪದರಕ್ಕೆ ಪ್ರತ್ಯೇಕ ಕಾಲಮಿತಿ, ಅದನ್ನು ಮೀರಿದರೆ ದಂಡ, ಬಾವಿವಾರು ಅಳತೆಗಳ ಪ್ರಕಟಣೆ—ಇಷ್ಟನ್ನು ನಿಯಂತ್ರಣ ಇಲಾಖೆ ಪರವಾನಗಿಯಲ್ಲೇ ಬರೆಸಬೇಕು.