ತೊಡೆಸಂದಿನಿಂದ ಗರ್ಭಕೋಶಕ್ಕೊಂದು ದಾರಿ

ಗರ್ಭಪಾತವಾಗಿ ತಿಂಗಳಾದರೂ ರಕ್ತ ಹೋಗುವುದು ನಿಲ್ಲದಿದ್ದರೆ, ಒಳಗೆ ಚೂರುಪಾರು ಉಳಿದಿರಬೇಕೆಂದು ಮತ್ತೊಮ್ಮೆ ‘ಡಿ ಅಂಡ್ ಸಿ’ (ಗರ್ಭಕೋಶದ ಒಳಗೋಡೆ ಕೆರೆಯುವುದು) ಮಾಡುವುದುಂಟು. ಎಷ್ಟೋ ಸಲ ಅದು ಸರಿಯೇ. ಆದರೆ ಅಪರೂಪಕ್ಕೆ ಗರ್ಭಕೋಶದ ಗೋಡೆಯಲ್ಲಿ ಅಪಧಮನಿ, ಅಭಿಧಮನಿಗಳು ನಡುವೆ ಲೋಮನಾಳಗಳೇ ಇಲ್ಲದೆ ನೇರ ಕೂಡಿಕೊಂಡು ಸಿಕ್ಕುಸಿಕ್ಕಾಗಿರುತ್ತವೆ. ಹುಟ್ಟಿನಿಂದಲೇ ಬಂದದ್ದು ಕಡಿಮೆ. ಗರ್ಭಪಾತ, ಡಿ ಅಂಡ್ ಸಿ, ಸಿಸೇರಿಯನ್ ಆದಮೇಲೆ ಕಾಣಿಸಿಕೊಂಡದ್ದೇ ಹೆಚ್ಚು. ಅಲ್ಲಿ ಕೆರೆದರೆ ನಲ್ಲಿ ತಿರುಗಿಸಿದಂತೆ ರಕ್ತ. ಕಲರ್ ಡಾಪ್ಲರ್ ಸ್ಕ್ಯಾನಿಂಗ್‌ನಲ್ಲಿ ಆ ಜಾಗ ಬಣ್ಣಬಣ್ಣದ ರಂಗೋಲಿಪುಡಿ ಚೆಲ್ಲಿ ಕಲಸಿಹೋದಂತೆ ಕಾಣುತ್ತದೆ.

ಫ್ರಾನ್ಸಿನ ದ್ಯುಬ್ರಯ್ ಮತ್ತು ಲೂಬಾ 1926ರಲ್ಲಿ ಈ ಸಿಕ್ಕನ್ನು ವರದಿ ಮಾಡಿದರು. ಅಲ್ಲಿಂದ ಅರ್ಧ ಶತಮಾನ, ಚಿಕಿತ್ಸೆಯೆಂದರೆ ಹೆಚ್ಚೂಕಡಿಮೆ ಗರ್ಭಕೋಶ ತೆಗೆಯುವುದೇ. ರಕ್ತನಾಳಕ್ಕೆ ಗಂಟು ಹಾಕಬಹುದಿತ್ತು. ಆದರೆ ತೂಬಿನ ಬಳಿ ಒಡ್ಡು ಕಟ್ಟಿದರೆ ಮಗ್ಗುಲ ಹಳ್ಳದಿಂದ ಗದ್ದೆಗೆ ನೀರು ನುಗ್ಗುವಂತೆ, ಪಕ್ಕದ ಕವಲುಗಳು ಆ ಸಿಕ್ಕಿಗೆ ರಕ್ತ ತುಂಬುತ್ತಲೇ ಇರುತ್ತವೆ. ತಡೆಯುವುದಾದರೆ ಸಿಕ್ಕಿನ ಬುಡದಲ್ಲೇ ತಡೆಯಬೇಕು.

ಬುಡಕ್ಕೆ ಹೋಗುವ ದಾರಿ ಸಿಕ್ಕಿದ್ದು ಹೆರಿಗೆ ವಾರ್ಡಿನಲ್ಲಲ್ಲ, ಎಕ್ಸ್-ರೇ ಕೋಣೆಯಲ್ಲಿ. ಸ್ವೀಡನ್ನಿನ ಸ್ವೆನ್-ಇವಾರ್ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ಉಪಾಯ ನೋಡಿ: ಮೊದಲು ರಕ್ತನಾಳಕ್ಕೆ ಟೊಳ್ಳು ಸೂಜಿ, ಅದರೊಳಗಿಂದ ತಂತಿ, ಸೂಜಿ ಈಚೆ ತೆಗೆದು ತಂತಿಯ ಮೇಲೆ ಮೆದು ಕೊಳವೆ, ಆಮೇಲೆ ತಂತಿಯೂ ಈಚೆಗೆ. ಅಷ್ಟೇ. ಡಾಕ್ಟರೇಟಿಗೆ ಇಷ್ಟು ಸಾಲದೆಂದು ಪಾಪ, ಅವರು ಬೇರೆ ವಿಷಯ ಹಿಡಿಯಬೇಕಾಯಿತು! 1972ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ರೋಷ್, ಡಾಟರ್ ಮತ್ತು ಸಂಗಡಿಗರು ಇಂಥದೇ ಕೊಳವೆಯಿಂದ, ರೋಗಿಯದೇ ಹೆಪ್ಪುರಕ್ತ ಬಿಟ್ಟು ಹೊಟ್ಟೆಯೊಳಗಿನ ರಕ್ತಸ್ರಾವ ನಿಲ್ಲಿಸಿದ್ದನ್ನು ವರದಿ ಮಾಡಿದರು. 1979ರಲ್ಲಿ ಬಾಣಂತಿಯ ರಕ್ತಸ್ರಾವಕ್ಕೆ, 1982ರ ಹೊತ್ತಿಗೆ ಗರ್ಭಕೋಶದ ಈ ಸಿಕ್ಕಿಗೂ ಅದೇ ಮದ್ದು ಬಂತು. ಹಾಗೆ ಚಿಕಿತ್ಸೆ ಪಡೆದವರು ಬಸಿರಾದ ವರದಿ ಆ ದಶಕ ಮುಗಿಯುವ ಮೊದಲೇ ಬಂತು.

ಪ್ಯಾರಿಸಿನ ವೈದ್ಯ ಜಾಕ್ ರವಿನಾ ಅವರ ಕತೆ ಇನ್ನೂ ಸ್ವಾರಸ್ಯದ್ದು. ಫೈಬ್ರಾಯ್ಡ್ ಗಡ್ಡೆ ಕೊಯ್ಯುವಾಗ ರಕ್ತ ಕಡಿಮೆ ಹೋಗಲೆಂದು ಮುಂಚಿತವಾಗಿ ನಾಳ ಮುಚ್ಚಿಸಿದರೆ, ಕೆಲವರಿಗೆ ಅಷ್ಟಕ್ಕೇ ಗುಣವಾಗಿ ಆಪರೇಷನ್ನೇ ಬೇಡವೆಂದರು. 1995ರಲ್ಲಿ 16 ಮಹಿಳೆಯರ ಆ ಅನುಭವ ‘ಲ್ಯಾನ್ಸೆಟ್’ನಲ್ಲಿ ಬಂದಮೇಲೆ ಈ ವಿಧಾನ ಜಗತ್ತಿಗೆಲ್ಲ ಹಬ್ಬಿತು.

ಈಗಲೂ ಕೆಲಸ ಹಾಗೆಯೇ. ತೊಡೆಸಂದಿಗೆ ಮರಗಟ್ಟುವ ಇಂಜೆಕ್ಷನ್. ಅಲ್ಲಿನ ಅಪಧಮನಿಯೊಳಗಿಂದ ಕೊಳವೆಯನ್ನು ಗರ್ಭಕೋಶದ ನಾಳದವರೆಗೆ ತೂರಿಸುತ್ತಾರೆ. ಜೆಲಾಟಿನ್ ಸ್ಪಂಜನ್ನು ಕತ್ತರಿಯಿಂದ ಸಣ್ಣಗೆ ಕತ್ತರಿಸಿ, ಎಕ್ಸ್-ರೇಗೆ ಕಾಣುವ ದ್ರವದಲ್ಲಿ ಕಲಸಿ ಬಿಡುತ್ತಾರೆ. ಪರದೆಯ ಮೇಲೆ ರಭಸದ ಹರಿವು ಮಂದವಾಗಿ, ನಿಲ್ಲುತ್ತದೆ. ಸ್ಪಂಜು ಕೆಲವು ವಾರಗಳಲ್ಲಿ ಕರಗುತ್ತದೆ. ಅಂಡಾಶಯದ ಕಡೆಯ ನಾಳಗಳೂ ರಕ್ತ ಕೊಡುವುದರಿಂದ ಗರ್ಭಕೋಶ ಬದುಕುತ್ತದೆ. ಕೆಲವರಿಗೆ ಎರಡನೇ ಸಲ ಬೇಕಾಗಬಹುದು. ಮುಂದೆ ಬಸಿರು ಖಾತ್ರಿ ಎಂದು ಯಾರೂ ಬರೆದುಕೊಡುವುದಿಲ್ಲ. ಸ್ರಾವ ಅಲ್ಪವಿದ್ದರೆ ಕಾದು ನೋಡಿದರೂ ಎಷ್ಟೋ ಸಿಕ್ಕುಗಳು ತಾವೇ ಮಾಯುತ್ತವೆ.

‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ’ ಎಂಬ ಮಾತು ನಮ್ಮಲ್ಲಿ ಹಳೆಯದು. ಮಧ್ಯರಾತ್ರಿ, ಇಂಥ ಕೊಳವೆ ಹಾಯಿಸುವ ಕ್ಯಾಥ್‌ಲ್ಯಾಬ್ ಇಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ಜೀವ ಉಳಿಸಲು ಅದೇ ದಾರಿಯಾದರೆ ವೈದ್ಯರನ್ನು ದೂರುವಂತಿಲ್ಲ. ಆದರೆ ಎರಡನೇ ಸಲ ಕೆರೆಯುವ ಮುಂಚೆ ಡಾಪ್ಲರ್ ಹಾಕಿ ನೋಡುವುದಕ್ಕೆ ಕ್ಯಾಥ್‌ಲ್ಯಾಬ್ ಬೇಕಿಲ್ಲ.