ನಕ್ಷೆಯ ಏರುಗೆರೆ ರಸ್ತೆಯ ಏರಲ್ಲ

ಪ್ರಶ್ನೆ: ದೂರ-ಕಾಲ ನಕ್ಷೆಯಲ್ಲಿ ಗೆರೆ ಮೇಲಕ್ಕೇರಿದರೆ ಬಸ್ಸು ದಿಬ್ಬ ಹತ್ತುತ್ತಿದೆ ಎಂದರ್ಥವೇ?
– ವಿದ್ಯಾರ್ಥಿ, ಮೂಡಲಪಾಳ್ಯ

ಉತ್ತರ: ಅಲ್ಲ. ದೂರ-ಕಾಲ ನಕ್ಷೆಯು ರಸ್ತೆಯ ಚಿತ್ರವಲ್ಲ. ಅಡ್ಡ ಅಕ್ಷದಲ್ಲಿ ಕಾಲವನ್ನೂ ಲಂಬ ಅಕ್ಷದಲ್ಲಿ ದೂರವನ್ನೂ ಗುರುತಿಸಿ, ಒಂದರೊಡನೆ ಇನ್ನೊಂದು ಹೇಗೆ ಬದಲಾಗುತ್ತದೆಂಬುದನ್ನು ಅದು ತೋರಿಸುತ್ತದೆ. ಮೂಡಲಪಾಳ್ಯದಿಂದ ಮೆಜೆಸ್ಟಿಕ್ ಕಡೆಗೆ ಹೊರಟ ಬಸ್ಸು ಮೊದಲ 10 ನಿಮಿಷಗಳಲ್ಲಿ 3 ಕಿ.ಮೀ. ಸಾಗಿ, 5 ನಿಮಿಷ ಸಿಗ್ನಲ್‌ನಲ್ಲಿ ನಿಂತು, ಮುಂದಿನ 15 ನಿಮಿಷಗಳಲ್ಲಿ 4 ಕಿ.ಮೀ. ಕ್ರಮಿಸಿತೆಂದು ಭಾವಿಸಿದರೆ, ಗೆರೆ ಮೊದಲು ಕಡಿದಾಗಿ ಏರಿ, ನಡುವೆ ಸಮತಲವಾಗಿ, ಕೊನೆಗೆ ಮೊದಲಿಗಿಂತ ತುಸು ಕಡಿಮೆ ಕಡಿದಾಗಿ ಏರುತ್ತದೆ. ದೂರದ ಹೆಚ್ಚಳವನ್ನು ಕಾಲದ ಹೆಚ್ಚಳದಿಂದ ಭಾಗಿಸಿದಾಗ ದೊರೆಯುವ ಇಳಿಜಾರೇ ಜವ, ಅಂದರೆ ಏಕಮಾನ ಕಾಲದಲ್ಲಿ ಕ್ರಮಿಸಿದ ದೂರ. ಇಲ್ಲಿ ಅದು ಕ್ರಮವಾಗಿ ಗಂಟೆಗೆ 18, 0 ಮತ್ತು 16 ಕಿ.ಮೀ. ಸರಾಸರಿ ಜವವನ್ನು ಈ ಮೂರನ್ನು ಕೂಡಿಸಿ ಮೂರರಿಂದ ಭಾಗಿಸಿ ಪಡೆಯಲಾಗದು. ಒಟ್ಟು 7 ಕಿ.ಮೀ.ಗೆ ಅರ್ಧ ಗಂಟೆಯಾದ್ದರಿಂದ ಅದು ಗಂಟೆಗೆ 14 ಕಿ.ಮೀ.

ಲಂಬ ಅಕ್ಷವು ಹೊರಟ ಸ್ಥಳದಿಂದಿರುವ ದೂರವನ್ನು ಸೂಚಿಸಿದರೆ, ಇಳಿಯುವ ಗೆರೆಯು ಬಸ್ಸು ಹಿಂದಿರುಗುತ್ತಿರುವುದನ್ನು ತಿಳಿಸುತ್ತದೆ. ಕ್ರಮಿಸಿದ ಒಟ್ಟು ದೂರವನ್ನು ಸೂಚಿಸಿದರೆ ಗೆರೆ ಎಂದಿಗೂ ಇಳಿಯದು. ಆದ್ದರಿಂದ ಅಕ್ಷಗಳ ಹೆಸರನ್ನು ಮೊದಲು ಓದಬೇಕು.

ರೈಲ್ವೆ ನಿಯಂತ್ರಣ ಕೊಠಡಿಗಳಲ್ಲಿಯೂ ಇದೇ ಬಗೆಯ ನಕ್ಷೆ ಬಳಕೆಯಲ್ಲಿದೆ. ಕೆಂಗೇರಿಯ ಮೂಲಕ ಹಾಯುವ ಬೆಂಗಳೂರು–ಮೈಸೂರು ಮಾರ್ಗವು ಹಿಂದೆ ಒಂಟಿ ಹಳಿಯದಾಗಿದ್ದಾಗ, ಎದುರುಬದುರು ಬರುವ ರೈಲುಗಳ ಗೆರೆಗಳು ನಿಲ್ದಾಣದಲ್ಲಿಯೇ ಸಂಧಿಸುವಂತೆ ಯೋಜಿಸಬೇಕಾಗುತ್ತಿತ್ತು. ಶಾಲೆಯ ಈ ಪಾಠ ರೈಲು ಸಂಚಾರದ ಯೋಜನೆಗೂ ನೆರವಾಗುತ್ತದೆ.