ಹಳ್ಳಿಗೆ ಹಲ್ಲಿ ಎನ್ನುವವರ ಪಾಠ

ಕಾನ್ಪುರದ ಹುಡುಗ ಮಾರತಹಳ್ಳಿಯಲ್ಲಿ ಮನೆ ಮಾಡಿದರೆ ಅದು ಮಾರತಹಲ್ಲಿ. ಅವನಪ್ಪ ಇರುವುದು ಹಲ್ಲಿಯಲ್ಲಿ, ಅಲ್ಲಿ ಈ ವರ್ಷ ಮಲೆ ಚೆನ್ನಾಗಿ ಬಂದಿದೆಯಂತೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದ ಮೇಲೆ ನಾನು ಅಪಾರ್ಟ್‌ಮೆಂಟುಗಳ ಕ್ಲಬ್‌ಹೌಸಿನಲ್ಲಿ ಹೊರಗಿನಿಂದ ಬಂದವರಿಗೆ ಮಾತಾಡುವ ಕನ್ನಡ ಕಲಿಸುತ್ತೇನೆ. ನನ್ನ ತರಗತಿಯಲ್ಲಿ ಹಲ್ಲಿಗಳ ಓಡಾಟ ಜಾಸ್ತಿ.

‘ಹಲ್ಲಿ ಅಲ್ಲಪ್ಪಾ, ಹಳ್ಳಿ’ ಅಂದರೆ, ‘ನಾನೂ ಅದೇ ಹೇಲಿದ್ದು ಮೇಡಂ’ ಎಂದು ಮುಖ ನೋಡುತ್ತಾನೆ. ವಾದಕ್ಕೆ ಹೇಳುವುದಲ್ಲ, ಅವನಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಅವನಾಡುವ ಹಿಂದಿಯಲ್ಲಿ ಇರುವುದು ಲ ಒಂದೇ, ಳ ಇಲ್ಲ. ಹಾಗಾಗಿ ಳ ಕೇಳಿದಾಗಲೂ ಕಿವಿ ಅದನ್ನು ಲ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ. ಮರಾಠಿ, ತಮಿಳು, ಮಲಯಾಳದವರಿಗೆ ಈ ತಾಪತ್ರಯವಿಲ್ಲ, ಳಕಾರ ಅವರ ಮನೆಯಲ್ಲೇ ಇದೆ.

ಆಕ್ಸೆಂಟ್ ಎಂದರೆ ನಾಲಿಗೆ ಹೊರಳದಿರುವುದು ಎಂದು ಎಲ್ಲರೂ ತಿಳಿದಿರುತ್ತಾರೆ. ಅದು ಶುರುವಾಗುವುದು ಕಿವಿಯಲ್ಲಿ, ಅದೂ ತೊಟ್ಟಿಲಲ್ಲಿರುವಾಗಲೇ. ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬಿಬ್ಬರು 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಇಂಗ್ಲಿಷ್ ಮನೆಮಾತಿನ ಎಳೆಯ ಮಕ್ಕಳಿಗೆ ಅವರು ಹಿಂದಿಯ ತ ಮತ್ತು ಟ ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಿದವು. ಹತ್ತು–ಹನ್ನೆರಡು ತಿಂಗಳ ಹೊತ್ತಿಗೆ ಬಹುಪಾಲು ಮಕ್ಕಳಲ್ಲಿ ಆ ಸೂಕ್ಷ್ಮ ಹೋಗಿಬಿಟ್ಟಿತ್ತು. ಮನೆಯಲ್ಲಿ ಬಳಕೆಗೆ ಬಾರದ ವ್ಯತ್ಯಾಸವನ್ನು ಮಗು ಮಾತು ಕಲಿಯುವ ಮೊದಲೇ ಕೈಬಿಡುತ್ತದೆ.

ಅದಕ್ಕೇ ನಾನು ಮೊದಲು ಬಾಯಿ ತೆಗೆಸುವುದಿಲ್ಲ. ನಾನು ಹಳ್ಳಿ ಅಂದರೆ ಎಡಗೈ ಎತ್ತಬೇಕು, ಹಲ್ಲಿ ಅಂದರೆ ಬಲಗೈ. ದೊಡ್ಡ ದೊಡ್ಡ ಸಂಬಳದ ಸಾಫ್ಟ್‌ವೇರ್‌ನವರು ಅಕ್ಕಪಕ್ಕದವರ ಕೈ ಕದ್ದು ನೋಡುತ್ತಾರೆ! ಕೈಗಳು ಸರಿಯಾಗಿ ಏಳತೊಡಗಿದ ಮೇಲೆ ಕನ್ನಡಿ ಕೊಡುತ್ತೇನೆ. ಲ ಅನ್ನುವಾಗ ನಾಲಿಗೆಯ ತುದಿ ಮೇಲ್ಹಲ್ಲಿನ ಹಿಂಬದಿಯಲ್ಲಿ, ಳ ಅನ್ನುವಾಗ ಅದೇ ತುದಿ ಹಿಂದಕ್ಕೆ ಮಡಿಚಿ ಅಂಗುಳಕ್ಕೆ ತಾಗಬೇಕು. ಕಿವಿ ಒಪ್ಪಿದವರಿಗೆ ಇದು ಬೇಗ ಬರುತ್ತದೆ.

ಅಮೆರಿಕದ ಹೆಣ್ಣುಮಗಳೊಬ್ಬಳದು ಬೇರೆ ಕಥೆ. ಮನೆ ಮಾಲೀಕರ ತಂದೆಯನ್ನು ಅವಳು ‘ಟಾಟಾ’ ಅನ್ನುತ್ತಿದ್ದಳು. ಅವರು ಪ್ರತಿ ಸಲವೂ ಪಾಪ ಕೈ ಬೀಸುತ್ತಿದ್ದರು. ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ ನಮ್ಮ ತ ಅವಳ ಇಂಗ್ಲಿಷಿನಲ್ಲಿಲ್ಲ. ಅವಳು ನಾಲಿಗೆಯನ್ನು ವಸಡಿಗೆ ತಾಗಿಸುತ್ತಾಳೆ, ನಮ್ಮ ಕಿವಿಗೆ ಅದು ಟ. ಜೊತೆಗೆ ಒಂದು ಗಾಳಿಯ ಬುಸ್ಸು ಬೇರೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಪಾಪ’ ಅನ್ನಿ, ಗಾಳಿ ತಾಗಿದ್ದೇ ಗೊತ್ತಾಗುವುದಿಲ್ಲ. ಅವಳು ಅಂದರೆ ಬೆರಳಿಗೆ ಬೆಚ್ಚಗಾಗುತ್ತದೆ. ಇದನ್ನು ಲಿಸ್ಕರ್ ಮತ್ತು ಅಬ್ರಾಮ್‌ಸನ್ ಎಂಬ ಧ್ವನಿವಿಜ್ಞಾನಿಗಳು 1964ರಲ್ಲೇ ಅಳೆದಿದ್ದಾರೆ. ಪದದ ಮೊದಲಿಗೆ ಬರುವ ಇಂಗ್ಲಿಷಿನ ಪ, ಟ, ಕಗಳಲ್ಲಿ ಬಾಯಿ ಬಿಡಿಸಿಕೊಂಡ ಮೇಲೆ ಕಂಠದ ನಾದ ಹೊರಡಲು ಸರಾಸರಿ 58ರಿಂದ 80 ಮಿಲಿಸೆಕೆಂಡ್ ಬೇಕು. ನಮ್ಮ ಪ, ಟ, ಕಗಳು ಅಷ್ಟು ಕಾಯುವುದಿಲ್ಲ.

ಕೇಳುವವರು ಮಾತ್ರ ಬಲು ಚುರುಕು. ‘ಕನ್ನಡ್ ಗೊತ್ತಿಲ್ಲ’ ಅಂದರೆ ತರಕಾರಿಯವಳಿಗೂ ಇದು ಉತ್ತರದ ಗಿರಾಕಿ ಎಂದು ತಿಳಿಯುತ್ತದೆ. ರಾಮನನ್ನು ರಾಮ್ ಮಾಡುವ ಹಿಂದಿ, ಕನ್ನಡದ ಕೊನೆಯ ಅಕಾರವನ್ನೂ ನುಂಗುತ್ತದೆ. ಮುಂದಿನ ವಾರಕ್ಕೆ ‘ಮುಂದಿನ ಬಾರ’ ಎಂದರೆ ಬಂಗಾಳ. ಹೀಗೆ ಗುರುತು ಹಿಡಿಯಲು ಇಡೀ ಪದವೂ ಬೇಡವಂತೆ. 1984ರಲ್ಲೇ ಜೇಮ್ಸ್ ಫ್ಲೆಗೆ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಫ್ರೆಂಚರ ಇಂಗ್ಲಿಷಿನಿಂದ ಟಕಾರದ ಮೊದಲ 30 ಮಿಲಿಸೆಕೆಂಡನ್ನಷ್ಟೇ ಕತ್ತರಿಸಿ ಕೇಳಿಸಿದರೂ ಅಮೆರಿಕನ್ನರು ಹೊರಗಿನವರ ಗುರುತು ಹಿಡಿದರು.

ನಗುವ ಮುಂಚೆ ನಮ್ಮದನ್ನೂ ನೋಡಿಕೊಳ್ಳೋಣ. ಎಲ್ಲಿ ಎಂದು ಬರೆದು ಯೆಲ್ಲಿ ಅನ್ನುವವರು ನಾವು. ಅದೇ ಯಕಾರ ಇಂಗ್ಲಿಷಿಗೂ ನುಗ್ಗಿ ಯೆಗ್ಗು, ಯಮ್ಮೆಲ್ಲೆ ಆಗಿದೆ. ವ್ಯಂಜನಕ್ಕೆ ಪದ ಮುಗಿಯುವುದು ನಮಗೆ ಸಮಾಧಾನವಿಲ್ಲ, ಆದ್ದರಿಂದ ಬಸ್ಸು, ಕಾರು, ರೋಡು.

ಇಷ್ಟು ಚುರುಕಾದ ಕಿವಿ ಸುಳ್ಳನ್ನೂ ಕೇಳಿಸಿಕೊಳ್ಳುತ್ತದೆ. ಎರಡನೇ ಮಹಾಯುದ್ಧದಲ್ಲಿ ನಾರ್ವೆಯ ಒಬ್ಬ ತರುಣಿಗೆ ಬಾಂಬ್ ದಾಳಿಯಲ್ಲಿ ತಲೆಗೆ ಪೆಟ್ಟಾಯಿತು. ಮಾತು ಮರಳಿ ಬಂದಾಗ ರಾಗ, ಒತ್ತು ಎಲ್ಲ ಏರುಪೇರಾಗಿ ಜನರಿಗೆ ಅದು ಜರ್ಮನರ ನಾರ್ವೇಜಿಯನ್ ಥರ ಕೇಳಿಸಿತು. ದೇಶ ಜರ್ಮನರ ವಶದಲ್ಲಿದ್ದ ಕಾಲ. ಅಂಗಡಿಯವರು ಅವಳಿಗೆ ಸಾಮಾನು ಕೊಡಲಿಲ್ಲ. ವೈದ್ಯ ಮೊನ್ರಾಡ್ ಕ್ರೋನ್ 1947ರಲ್ಲಿ ಇದನ್ನು ದಾಖಲಿಸಿದರು. ಆಕೆ ದೇಶ ಬಿಟ್ಟು ಹೋದವಳೇ ಅಲ್ಲ. ಪೆಟ್ಟು ಬಿದ್ದಿದ್ದು ಅವಳ ತಲೆಗೆ, ಜರ್ಮನ್ ಕೇಳಿಸಿದ್ದು ಅಂಗಡಿಯವರಿಗೆ.

1992ರಲ್ಲಿ ಅಮೆರಿಕದ ಡೊನಾಲ್ಡ್ ರೂಬಿನ್ ಪ್ರಕಟಿಸಿದ ಪ್ರಯೋಗ ಇನ್ನೂ ಖಾರವಾದದ್ದು. ಓಹಾಯೋದಲ್ಲಿ ಬೆಳೆದ ಮಹಿಳೆಯ ಧ್ವನಿಯಲ್ಲಿದ್ದ ಒಂದೇ ಪಾಠವನ್ನು ವಿದ್ಯಾರ್ಥಿಗಳ ಎರಡು ಗುಂಪಿಗೆ ಕೇಳಿಸಿದರು. ಒಂದು ಗುಂಪಿಗೆ ಬಿಳಿಯ ಹೆಂಗಸಿನ ಫೋಟೊ, ಇನ್ನೊಂದಕ್ಕೆ ಏಷ್ಯಾದ ಹೆಂಗಸಿನ ಫೋಟೊ. ಏಷ್ಯಾದ ಮುಖ ನೋಡಿದವರಿಗೆ ಪರದೇಶಿ ಆಕ್ಸೆಂಟ್ ಕೇಳಿಸಿತು, ಪಾಠವೂ ಕಡಿಮೆ ತಲೆಗೆ ಹತ್ತಿತು. ಧ್ವನಿಯಲ್ಲಿ ಒಂದು ಕೂದಲೆಳೆಯೂ ಬದಲಾಗಿರಲಿಲ್ಲ.

ಈಚೀಚೆಗೆ ನನ್ನ ಸಿಟ್ಟು ಕಲಿಯುವವರ ಮೇಲಲ್ಲ, ನಮ್ಮವರ ಮೇಲೆ. ನನ್ನ ಕಾನ್ಪುರದ ಹುಡುಗ ಧೈರ್ಯ ಮಾಡಿ ‘ಅಣ್ಣಾ, ಅರ್ಧ ಕೆಜಿ ಬೇಲೆ ಕೊಡಿ’ ಎಂದ. ಅಂಗಡಿಯವನು ಸರಿಯಾಗಿ ತೊಗರಿಬೇಳೆಯನ್ನೇ ತೂಗಿಕೊಟ್ಟ. ಅಂದಮೇಲೆ ಅರ್ಥವಾಗಿದೆ! ಆದರೆ ಬಾಯಲ್ಲಿ ಹೇಳಿದ್ದು ‘ಪಚಾಸ್ ರುಪಯಾ’. ಮುಂದಿನ ಸಲ ಹುಡುಗ ಕನ್ನಡದ ಗೋಜಿಗೇ ಹೋಗಲಿಲ್ಲ. ಆಕ್ಸೆಂಟ್ ದಟ್ಟವಾಗಿರುವುದು ಬೇರೆ, ಮಾತು ಅರ್ಥವಾಗದಿರುವುದು ಬೇರೆ. ಕೆನಡಾದ ಮರ್ರೆ ಮನ್ರೊ ಮತ್ತು ಟ್ರೇಸಿ ಡರ್ವಿಂಗ್ 1995ರಲ್ಲೇ ಇದನ್ನು ತೋರಿಸಿದರು. ಆಕ್ಸೆಂಟ್ ತುಂಬಾ ಇದೆ ಎಂದು ಕೇಳುಗರೇ ಹೇಳಿದ ಎಷ್ಟೋ ವಾಕ್ಯಗಳನ್ನು ಅದೇ ಕೇಳುಗರು ಒಂದಕ್ಷರ ತಪ್ಪದೆ ಬರೆದುಕೊಟ್ಟಿದ್ದರು. ಹೊಸ ಧಾಟಿಗೆ ಕಿವಿ ಹೊಂದಿಕೊಳ್ಳಲು ಒಂದು ನಿಮಿಷವೂ ಬೇಡ ಎಂಬುದು 2004ರ ಇನ್ನೊಂದು ಅಧ್ಯಯನದಲ್ಲಿ ಕಂಡದ್ದು.

ಆ ಒಂದು ನಿಮಿಷವನ್ನು ದಯವಿಟ್ಟು ಕೊಡಿ. ಯಾರಾದರೂ ಬೇಲೆ ಕೇಳಿದರೆ ತೂಗಿಕೊಡಿ, ರೇಟು ಮಾತ್ರ ಕನ್ನಡದಲ್ಲೇ ಹೇಳಿ.